ಗಂಟು ಕಟ್ಟುವ ಮುನ್ನ



ಇಂದಿನ ಶಿವಾನುಭವ ಗೋಷ್ಠಿಗೆ ವಿಷಯವನ್ನು ನೀವೇ ಆರಿಸಿಕೊಟ್ಟಿದ್ದೀರಿ. ಪರದೇಶಕ್ಕೆ ಹೋಗಿ ನೆಲೆಸುವವರು ಇಲ್ಲಿಯ ಮನೆಯನ್ನು ಹೇಗೆ ಬಿಟ್ಟು ಹೋಗಬೇಕು, ಮನೆಯೊಳಗೆ ಕೂಡಿಹಾಕಿದ ಸಾಮಾನುಗಳನ್ನು ಏನು ಮಾಡಬೇಕು ಎಂಬುದು ಆ ವಿಷಯ. ಇದು ಪಾತ್ರೆ-ಪಡಗಗಳ ಮಾತಾಯಿತಲ್ಲ, ಸ್ವಾಮಿಗಳಾದವರಿಗೆ ಇದರಲ್ಲೇನು ಕೆಲಸ ಎಂದು ಹಿಂದೆ ಕುಳಿತ ಹಿರಿಯರೊಬ್ಬರು ಮುಗುಳುನಗುತ್ತಿದ್ದಾರೆ. ನಗಲಿ. ಆದರೆ ಆಶೀರ್ವಾದ ಬೇಡಲು ಮಠಕ್ಕೆ ಬರುವ ತರುಣರು ಮೊದಲೆಲ್ಲ ಹುಬ್ಬಳ್ಳಿಗೆ ಹೊರಟೆ, ಬೆಂಗಳೂರಿಗೆ ಹೊರಟೆ ಎನ್ನುತ್ತಿದ್ದರು. ಈಗ ಡಲ್ಲಾಸ್ ಎನ್ನುತ್ತಾರೆ, ಮೆಲ್ಬರ್ನ್ ಎನ್ನುತ್ತಾರೆ, ದುಬೈ ಎನ್ನುತ್ತಾರೆ. ಅವರು ಹೋದ ಮೇಲೆ ಅವರ ಮನೆಗಳ ಗತಿ ಏನಾಯಿತು ಎಂಬುದನ್ನು ಪಾದಪೂಜೆಗೆಂದು ಓಣಿ ಓಣಿ ತಿರುಗುವ ನಾವು ಕಣ್ಣಾರೆ ಕಾಣುತ್ತೇವೆ. ಬೀಗ ಜಡಿದ ಮನೆಗಳನ್ನು ಕಂಡಿದ್ದೇವೆ. ಆ ಬೀಗದ ಕೈಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನೂ ಕಂಡಿದ್ದೇವೆ. ಆದ್ದರಿಂದ ಇದು ನಮಗೆ ಸಣ್ಣ ವಿಷಯವೆಂದು ತೋರುವುದಿಲ್ಲ.

ಹಿಂದಿನ ಕಾಲದಲ್ಲಿ ಊರು ಬಿಡುವುದೆಂದರೆ ಎತ್ತಿನ ಗಾಡಿ ಹೂಡುವುದು. ಬೀಸುವ ಕಲ್ಲು, ಒರಳು, ಹಂಡೆ, ಕೊಡ, ಹಾಸಿಗೆ-ಹೊದಿಕೆ ಎಲ್ಲ ಗಾಡಿಯ ಮೇಲೆ. ಗಾಡಿಯಲ್ಲಿ ಹಿಡಿಸದೆ ಉಳಿದದ್ದು ನೆರೆಮನೆಗೆ. ಗಾಡಿ ಹೋದ ದಾರಿಯಲ್ಲಿಯೇ ಮರಳಿ ಬರಬಹುದಾಗಿತ್ತು, ಎರಡು ಹರದಾರಿ. ಈಗಿನ ಗಾಡಿ ವಿಮಾನ. ಅದರ ಅಳತೆ 23 ಕಿಲೋ. ಟಿಕೆಟ್ಟಿಗೆ ತಕ್ಕಂತೆ ಅಂಥ ಪೆಟ್ಟಿಗೆ ಒಂದೋ ಎರಡೋ. ಇಪ್ಪತ್ತು-ಮೂವತ್ತು ವರ್ಷಗಳ ಸಂಸಾರವನ್ನು ಈ 23 ಕಿಲೋಗೆ ಇಳಿಸಬೇಕಾದಾಗ ಮನುಷ್ಯನ ನಿಜಸ್ವಭಾವ ಹೊರಗೆ ಬೀಳುತ್ತದೆ. ತನ್ನಲ್ಲಿ ಏನಿದೆ ಎಂಬುದು ಆ ದಿನದವರೆಗೆ ಬಹಳ ಜನಕ್ಕೆ ತಿಳಿದಿರುವುದೇ ಇಲ್ಲ.

ನಾವು ಪಾಠಶಾಲೆಯಲ್ಲಿದ್ದಾಗ ಬೆಳಗಿನ ಜಾವಕ್ಕೆ ಎದ್ದು ಅಮರಕೋಶವನ್ನು ಬಾಯಿಪಾಠ ಮಾಡಬೇಕಾಗಿತ್ತು. ಅರ್ಥ ಆಮೇಲೆ, ಮೊದಲು ನಾಲಿಗೆಗೆ ಬರಬೇಕು ಎಂಬುದು ಅಂದಿನ ಪದ್ಧತಿ. ಆ ಕೋಶದಲ್ಲಿ ನಾನಾರ್ಥವರ್ಗವೆಂದು ಒಂದು ಭಾಗವಿದೆ. ಒಂದೇ ಶಬ್ದಕ್ಕೆ ಹಲವು ಅರ್ಥಗಳನ್ನು ಹೇಳುವ ಭಾಗ. ಅಲ್ಲಿ ಪರಿಗ್ರಹ ಎಂಬ ಶಬ್ದ ಬರುತ್ತದೆ. ಪರಿ ಎಂದರೆ ಸುತ್ತಲೂ, ಗ್ರಹ ಎಂದರೆ ಹಿಡಿಯುವುದು. ಸುತ್ತಲಿನದನ್ನೆಲ್ಲ ತನ್ನದೆಂದು ಹಿಡಿದುಕೊಂಡದ್ದು ಪರಿಗ್ರಹ. ಅಮರಸಿಂಹನು ಈ ಶಬ್ದಕ್ಕೆ ಐದು ಅರ್ಥ ಕೊಡುತ್ತಾನೆ: ಹೆಂಡತಿ, ಪರಿವಾರದ ಜನ, ಸ್ವೀಕರಿಸುವುದು, ಬೇರು, ಶಾಪ. ಹುಡುಗರಾಗಿದ್ದ ನಮಗೆ ಇದನ್ನು ಹೇಳುವಾಗಲೆಲ್ಲ ನಗು. ಹೆಂಡತಿಯನ್ನೂ ಶಾಪವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾನಲ್ಲ ಎಂದು! ತಾಯಂದಿರು ಕೋಪಿಸಿಕೊಳ್ಳಬಾರದು, ಅದು ಹುಡುಗಬುದ್ಧಿ. ಈಗ ವಿಚಾರ ಮಾಡಿದರೆ ಆ ಐದರಲ್ಲಿ ಕೊನೆಯ ಎರಡು ಅರ್ಥಗಳು ಅಕ್ಕಪಕ್ಕದಲ್ಲಿ ಕುಳಿತಿರುವುದೇ ನಮಗೆ ದೊಡ್ಡದಾಗಿ ಕಾಣುತ್ತದೆ. ನಮ್ಮ ಸುತ್ತ ನಾವು ಇಟ್ಟುಕೊಂಡದ್ದು ಬೇರೂ ಹೌದು, ಶಾಪವೂ ಹೌದು. ಯಾವುದು ಬೇರು, ಯಾವುದು ಶಾಪ ಎಂದು ಕುಳಿತು ಬಿಡಿಸುವುದೇ ಮನೆ ಖಾಲಿ ಮಾಡುವ ಕೆಲಸ. ಬೇರನ್ನು ಕಿತ್ತೆಸೆದು ಶಾಪವನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ವಿಮಾನ ಹತ್ತಿದವರು ಬೇಕಾದಷ್ಟು ಜನರಿದ್ದಾರೆ.

ಯೋಗಶಾಸ್ತ್ರದಲ್ಲಿ ಪತಂಜಲಿ ಮಹರ್ಷಿಗಳು ಐದು ಯಮಗಳನ್ನು ಹೇಳಿ, ಅಪರಿಗ್ರಹವನ್ನು ಕೊನೆಯಲ್ಲಿಟ್ಟಿದ್ದಾರೆ. ಅದು ಯೋಗಿಗೆ ಹೇಳಿದ ಮಾತು. ಸಂಸಾರಿಗೆ ಅಷ್ಟು ಕಠಿಣವಾದುದನ್ನು ನಾವು ಹೇಳುವುದಿಲ್ಲ. ನಿಮಗೆ ಮಂಚವೂ ಬೇಕು, ಮಿಕ್ಸರೂ ಬೇಕು. ನಾವು ಹೇಳಬೇಕೆಂದಿರುವುದು ದಾನದ ಲಕ್ಷಣ. ನಮ್ಮ ಶಾಸ್ತ್ರಕಾರರು ಬಹಳ ಬಿಗಿಯಾಗಿ ಯೋಚಿಸಿದ ಸಂಗತಿ ಅದು. ದಾನಕ್ಕೆ ಎರಡು ಅಂಗಗಳಿವೆ ಎನ್ನುತ್ತಾರೆ ಅವರು. ವಸ್ತುವಿನ ಮೇಲಿನ ನನ್ನ ಒಡೆತನ ಪೂರ್ತಿಯಾಗಿ ನಿಲ್ಲಬೇಕು, ಇದು ಮೊದಲನೆಯದು. ಇನ್ನೊಬ್ಬನ ಒಡೆತನ ಅಲ್ಲಿ ಹುಟ್ಟಬೇಕು, ಇದು ಎರಡನೆಯದು. ಎರಡೂ ಕೂಡಿದರೆ ದಾನ. ದಾನ ಕೊಡುವಾಗ ನೀರು ಬಿಟ್ಟು ಧಾರೆ ಎರೆಯುತ್ತಾರಲ್ಲ, ಏಕೆ? ಕೈಯಿಂದ ಬಿದ್ದ ನೀರನ್ನು ಮತ್ತೆ ಎತ್ತಿಕೊಳ್ಳಲು ಬಾರದು. ಕೊಟ್ಟದ್ದೂ ಹಾಗೆಯೇ.

ಈಗ ಈ ಅಳತೆಗೋಲನ್ನು ಹಿಡಿದು ಊರು ಬಿಡುವವರ ಮನೆಯನ್ನು ನೋಡಿ. ತಿಪ್ಪೆಗೆ ಎಸೆದರೆ ನನ್ನ ಒಡೆತನ ಹೋಯಿತು, ಇನ್ನೊಬ್ಬನದು ಹುಟ್ಟಲಿಲ್ಲ. ಅರ್ಧವಾಯಿತು. ಬೀಗ ಹಾಕಿ ಹೋದರೆ ಎರಡೂ ಆಗಲಿಲ್ಲ. ಇನ್ನೊಂದು ಬಗೆಯಿದೆ, ಅದು ನಮ್ಮವರಿಗೆ ಬಹಳ ಪ್ರಿಯವಾದುದು. "ಈ ಬೀರು ನಿಮ್ಮನ್ಯಾಗ ಇರ್ಲಿ ಅಕ್ಕಾ, ನೀವs ಬಳಸ್ರಿ, ನಾವು ತಿರುಗಿ ಬಂದ್ರ ನೋಡೋಣು" ಎನ್ನುವುದು. ಕೇಳಲು ಔದಾರ್ಯದಂತೆ ಇದೆ. ಆ ಅಕ್ಕನ ಸ್ಥಿತಿ ಏನು ಯೋಚಿಸಿ. ಬೀರು ಅವಳ ಮನೆಯಲ್ಲಿ ಜಾಗ ತಿನ್ನುತ್ತದೆ. ಮಾರುವಂತಿಲ್ಲ, ಬಣ್ಣ ಹೊಡೆಸುವಂತಿಲ್ಲ, ಮಗಳಿಗೆ ಕೊಡುವಂತಿಲ್ಲ. ಹತ್ತು ವರ್ಷ ಅವಳು ನಿಮ್ಮ ಬೀರುವಿನ ಕಾವಲುಗಾರಳು, ಅದೂ ಸಂಬಳವಿಲ್ಲದೆ. ಇದಕ್ಕೆ ದಾನವೆಂದೂ ಹೆಸರಿಲ್ಲ, ಠೇವಣಿಯೆಂದೂ ಹೆಸರಿಲ್ಲ.

ಒಂದು ಮನೆಯನ್ನು ನೋಡಿದೆವು. ಯಜಮಾನರು ಹೊರನಾಡಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಹೋಗುವಾಗ ಎಲ್ಲದರ ಮೇಲೆ ಬಿಳಿಯ ಹಾಸು ಹೊದಿಸಿ ಬೀಗ ಹಾಕಿದ್ದರು. ಪಕ್ಕದ ಮನೆಗೆ ನಾವು ಬಂದಿದ್ದೇವೆಂದು ತಿಳಿದು, ಕೀಲಿ ಇಟ್ಟುಕೊಂಡಿದ್ದ ಅವರ ಸೋದರಮಾವ ಬಂದು "ಅಪ್ಪಾವರ, ಒಳಗ ಒಮ್ಮೆ ಪಾದ ಇಡ್ರಿ" ಎಂದರು. ಹೋದೆವು. ಗೋಡೆಗೆ ಮಳೆಗಾಲದ ಬೂಷ್ಟು. ಪುಸ್ತಕದ ಕಪಾಟಿನಲ್ಲಿ ಗೆದ್ದಲು ನೆಲದಿಂದ ಮೇಲಕ್ಕೆ ದಾರಿ ಮಾಡಿಕೊಂಡು, ಬೆನ್ನಿನ ರಟ್ಟು ಮಾತ್ರ ನಿಲ್ಲಿಸಿ ಒಳಗಿನ ಹಾಳೆಗಳನ್ನೆಲ್ಲ ಮಣ್ಣು ಮಾಡಿತ್ತು. ಬೀರುವಿನಲ್ಲಿ ಉಡದೆ ಇಟ್ಟ ರೇಷ್ಮೆ ಸೀರೆಗಳು. ರೇಷ್ಮೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮಡಿಕೆಯ ಗೆರೆಯಲ್ಲಿಯೇ ಸೀಳುತ್ತದೆ, ಇದು ತಾಯಂದಿರಿಗೆ ಗೊತ್ತಿದ್ದದ್ದೇ. ಎತ್ತಿದರೆ ಪಟ್ಟಿ ಪಟ್ಟಿಯಾಗಿ ಕೈಗೆ ಬಂತು. ಎರಡು ತೇಗದ ಮಂಚಗಳಿದ್ದವು. ಆ ಯಜಮಾನರ ಒಡಹುಟ್ಟಿದ ಅಕ್ಕ, ಗಂಡನಿಲ್ಲದ ಹೆಣ್ಣುಮಗಳು, ಏಳು ಮೈಲಿ ದೂರದ ಹಳ್ಳಿಯಲ್ಲಿ ಮೊಣಕಾಲು ನೋವು ಕಟ್ಟಿಕೊಂಡು ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದಳು. ತಮ್ಮ ಆಕೆಗೆ ಫೋನಿನಲ್ಲಿ ಹೇಳಿದ್ದನಂತೆ: ನಿನಗೆ ಬೇಕಾದ್ದು ತೆಗೆದುಕೋ ಅಕ್ಕ, ಆದರೆ ಸದ್ಯಕ್ಕೆ ಕೀಲಿ ಮಾವನ ಹತ್ತಿರವೇ ಇರಲಿ. ಆಕೆ ಕೀಲಿ ಕೇಳಲು ಹೋಗಲಿಲ್ಲ. ಮಾನವಂತರು ಯಾರೂ ಹೋಗುವುದಿಲ್ಲ. ತಮ್ಮ ಕೆಟ್ಟವನಲ್ಲ, ಕೇಳಿದ್ದರೆ ಎರಡು ಮಂಚವನ್ನೂ ಕೊಡುತ್ತಿದ್ದ. ಆದರೆ ಹೊರಡುವ ಮುನ್ನ ತಾನೇ ಗಾಡಿ ಮಾಡಿಸಿ ಅಕ್ಕನ ಮನೆಗೆ ಮಂಚ ಇಳಿಸಿ ಬರುವುದಕ್ಕೆ ಒಂದು ದಿನ ತೆಗೆದಿಡಲಿಲ್ಲ. ಆ ಒಂದು ದಿನದ ಬೆಲೆ ಹನ್ನೊಂದು ವರ್ಷದ ಚಾಪೆ.

ಆದ್ದರಿಂದ ಮನೆ ಖಾಲಿ ಮಾಡುವುದೆಂದರೆ ಎಸೆಯುವ ಕೆಲಸವೆಂದು ತಿಳಿಯಬೇಡಿ. ಯಾವುದು ಯಾರದು ಎಂದು ಇತ್ಯರ್ಥ ಮಾಡುವ ಕೆಲಸ ಅದು. ಹಾಗೆ ಇತ್ಯರ್ಥಕ್ಕೆ ಕುಳಿತವರಿಗೆ ಮೊದಲ ದಿನವೇ ಒಂದು ಆಶ್ಚರ್ಯ ಕಾದಿರುತ್ತದೆ: ನಮ್ಮ ಮನೆಯಲ್ಲಿ ನಮ್ಮದಲ್ಲದ್ದು ಎಷ್ಟೊಂದು ಇದೆ ಎಂಬುದು. ಪಕ್ಕದ ಮನೆಯ ಬೋಗುಣಿ ಇದೆ. ಗ್ರಂಥಾಲಯದ ಮುದ್ರೆ ಬಿದ್ದ ಪುಸ್ತಕವಿದೆ. ಯಾರೋ ಕಲಿಯಲು ಕೊಟ್ಟ ಹಾರ್ಮೋನಿಯಂ ಇದೆ. ಮಗಳ ಮದುವೆಗೆಂದು ಮಠದಿಂದ ಒಯ್ದ ಜಮಖಾನವೂ ಕೆಲವರ ಅಟ್ಟದ ಮೇಲೆ ಇರಬಹುದು, ಹೆಸರು ಹೇಳುವುದಿಲ್ಲ. ಇವನ್ನೆಲ್ಲ ಮೊದಲು ಮುಟ್ಟಿಸಿರಿ. ಕಿರಾಣಿ ಅಂಗಡಿಯ ಉದ್ರಿ, ಹಾಲಿನವನ ಲೆಕ್ಕ, ದರ್ಜಿಯ ಬಾಕಿ ತೀರಿಸಿರಿ. ಇತರರದನ್ನು ಇತರರಿಗೆ ಕೊಟ್ಟ ಮೇಲೆಯೇ ನಮ್ಮದು ಎಷ್ಟೆಂಬುದು ಕಾಣುವುದು. ಇದನ್ನು ಬಿಟ್ಟು, ಬೇರೆಯವರ ಬೋಗುಣಿಯನ್ನು ಗುಜರಿಯವನಿಗೆ ತೂಕಕ್ಕೆ ಹಾಕಿ, ಆ ಹಣದಲ್ಲಿ ಮಠಕ್ಕೆ ಕಾಣಿಕೆ ಸಲ್ಲಿಸಿದರೆ ಅದನ್ನು ಏನೆಂದು ಕರೆಯೋಣ?

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ತಿಳಿದದ್ದೇ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಅವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ, ಅದರಿಂದಲೇ ಅವರ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಬೇಡಿದ್ದಲ್ಲ, ಚೆಲ್ಲಿದ್ದನ್ನೇ ಆಯ್ದದ್ದು. ಆದರೂ ಲಕ್ಕಮ್ಮ ಗಂಡನನ್ನು ಬಾಗಿಲಲ್ಲಿಯೇ ನಿಲ್ಲಿಸಿ, ಹೆಚ್ಚಿನದನ್ನು ತಂದಲ್ಲಿಯೇ ಚೆಲ್ಲಿ ಬರಲು ಕಳಿಸಿದಳು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆಕೆ ಅದನ್ನು ತಿಪ್ಪೆಗೆ ಹಾಕಿಸಲಿಲ್ಲ, ಅಟ್ಟಕ್ಕೂ ಏರಿಸಲಿಲ್ಲ. ಯಾವ ಅಂಗಳದಿಂದ ಬಂದಿತ್ತೋ ಆ ಅಂಗಳಕ್ಕೆ ಅದು ಹೋಯಿತು. ಮತ್ತೊಂದು: ಆಕೆ ಇದನ್ನು ಊರು ಬಿಡುವ ದಿನ ಮಾಡಲಿಲ್ಲ, ಅಕ್ಕಿ ಬಂದ ದಿನವೇ ಮಾಡಿದಳು. ನಾವು ಮೂವತ್ತು ವರ್ಷ ಬಾಗಿಲು ತೆರೆದಿಟ್ಟು ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡು, ವೀಸಾ ಬಂದ ಮೇಲೆ ಮೂವತ್ತು ದಿನಗಳಲ್ಲಿ ಹೊರಗೆ ಹಾಕಲು ಹೊರಡುತ್ತೇವೆ. ದಣಿವಾಗದೆ ಇನ್ನೇನು?

ಈ ದಣಿವಿನಲ್ಲಿಯೇ ಜನರಿಗೆ ಮಠ ನೆನಪಾಗುತ್ತದೆ. ಹೊರಡುವ ಹಿಂದಿನ ದಿನ ಸಂಜೆ ಟೆಂಪೋ ಬಂದು ಮಠದ ಹೆಬ್ಬಾಗಿಲಲ್ಲಿ ನಿಲ್ಲುತ್ತದೆ. ಕಾಲು ಮುರಿದ ಕುರ್ಚಿ, ಸುಟ್ಟ ಮೋಟಾರಿನ ಮಿಕ್ಸರು, ಮೊದಲ ಹತ್ತು ಪುಟಗಳಿಲ್ಲದ ಪುರಾಣ, ಜಿಪ್ಪು ಹೋದ ಶಾಲಾಚೀಲ. "ದಾಸೋಹಕ್ಕೆ ತಂದೀವ್ರಿ" ಎನ್ನುತ್ತಾರೆ. ನಮ್ಮ ಪ್ರಸಾದನಿಲಯದ ಮಕ್ಕಳು ಬಡವರಿರಬಹುದು. ಜಿಪ್ಪು ಹೋದ ಚೀಲದಲ್ಲಿ ಅವರ ಪುಸ್ತಕಗಳೂ ಬೀಳುತ್ತವೆ, ನಿಮ್ಮ ಮಕ್ಕಳ ಪುಸ್ತಕಗಳಂತೆಯೇ. ತನಗೆ ಉಪಯೋಗಕ್ಕೆ ಬಾರದ್ದು ಇನ್ನೊಬ್ಬನಿಗೆ ಬಂದೀತು ಎಂಬುದು ಕೆಲವು ವಸ್ತುಗಳಿಗೆ ನಿಜ. ಮುರಿದದ್ದು ಯಾರಿಗೂ ಬಾರದು. ಮುರಿದದ್ದನ್ನು ಗುಜರಿಗೆ ಹಾಕಿರಿ, ಅಲ್ಲಿ ಕಬ್ಬಿಣ ಕರಗಿ ಮತ್ತೆ ಕಬ್ಬಿಣವಾಗುತ್ತದೆ, ಅದೂ ಒಳ್ಳೆಯದೇ. ಹಳೆಯ ಫೋನು, ಕಂಪ್ಯೂಟರುಗಳಲ್ಲಿರುವ ನಿಮ್ಮ ಲೆಕ್ಕಪತ್ರ, ಭಾವಚಿತ್ರಗಳನ್ನು ಅಳಿಸಿ, ಅವನ್ನು ಬಿಡಿಸಿ ವಿಲೇವಾರಿ ಮಾಡುವವರಿಗೇ ಕೊಡಿರಿ. ಬಟ್ಟೆಯನ್ನು ಒಗೆದು, ಗುಂಡಿ ಹಚ್ಚಿ, ಮಡಿಸಿ ಕೊಡಿರಿ. ಹಳೆಯ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಇನ್ನೂ ಕೆಲವು ಓಣಿಗಳಿಗೆ ಬರುತ್ತಾರೆ; ಆದರೆ ಮನೆ ಖಾಲಿ ಮಾಡುವವರು ಬಟ್ಟೆ ಕೊಟ್ಟು ಪಾತ್ರೆ ತೆಗೆದುಕೊಂಡರೆ ಏನು ಮಾಡಿದಂತಾಯಿತು!

ದೇವರ ಪಟಗಳ ಮಾತು ಬೇರೆ. ಎಸೆಯಲು ಭಯ, ಒಯ್ಯಲು ಜಾಗವಿಲ್ಲ. ಅದಕ್ಕೆ ರಾತ್ರಿ ಕಳ್ಳರಂತೆ ಹೋಗಿ ಅರಳಿ ಮರದ ಬುಡದಲ್ಲಿ ಒರಗಿಸಿ ಬರುತ್ತಾರೆ. ಮಳೆಗೆ ನೆನೆದು, ಗಾಜು ಒಡೆದು, ಆಡುವ ಹುಡುಗರ ಕಾಲಿಗೆ ಚುಚ್ಚುತ್ತದೆ. ಭಯಪಡಬೇಡಿ. ಗಾಜು, ಕಟ್ಟು ಬೇರೆ ಮಾಡಿ ಬೇರೆಯವರಿಗೆ ಉಪಯೋಗಕ್ಕೆ ಕೊಡಿ. ಕಾಗದವನ್ನು ಹಿತ್ತಲಿನ ಗಿಡದ ಬುಡದಲ್ಲಿ ಮಣ್ಣು ಮಾಡಿ. ಇಷ್ಟಲಿಂಗ ಧರಿಸಿದವನ ದೇವರಮನೆ ಎದೆಯ ಮೇಲೆಯೇ ಇದೆ, ಅದು ಯಾವ ತಕ್ಕಡಿಯ ತೂಕಕ್ಕೂ ಬಾರದು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆಗೆ ಯಂತ್ರ ಸದ್ದು ಮಾಡಿದರೆ ಇದೇನೆಂದು ಸಮಾಧಾನದಿಂದ ಹೇಳಿದರಾಯಿತು. ಅವರು ಅವರ ಕಾಯಕ ಮಾಡುತ್ತಿರುತ್ತಾರೆ.

ಈಗ ಅಟ್ಟಕ್ಕೆ ಬರೋಣ. ಹಳೆಯ ಮನೆಗಳ ಅಟ್ಟದಲ್ಲಿ ಕೆಲವೊಮ್ಮೆ ಕೆಂಪು ಅರಿವೆಯಲ್ಲಿ ಸುತ್ತಿದ ಗಂಟು ಸಿಗುತ್ತದೆ. ಬಿಚ್ಚಿದರೆ ತಾಡವೋಲೆಯ ಕಟ್ಟು, ಇಲ್ಲವೆ ಕೈಬರಹದ ಕಾಗದದ ಹೊತ್ತಿಗೆ. ಓದಲು ಯಾರಿಗೂ ಬಾರದು. ಇದನ್ನು ಏನು ಮಾಡುವಿರಿ? ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಅವರು ಊರೂರು ಅಲೆದು, ಮನೆಮನೆಯ ಮುಂದೆ ನಿಂತು, ಇಂಥ ಕಟ್ಟುಗಳನ್ನು ಬೇಡಿ ತಂದರು. ಎಷ್ಟೋ ಮನೆಗಳಲ್ಲಿ ಅವು ಜಗುಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು, ಹೂವು ಏರಿಸಿಕೊಂಡು, ಓದುವವರಿಲ್ಲದೆ ಕುಳಿತಿದ್ದವು. ಅವನ್ನು ಓದಿ, ಹೋಲಿಸಿ, 1923ರಲ್ಲಿ ಅವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅಚ್ಚು ಹಾಕುವುದಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. ಇಂದು ನೀವು ಮನೆಯಲ್ಲಿ ಇಟ್ಟುಕೊಂಡಿರುವ ವಚನ ಪುಸ್ತಕದ ಹಿಂದೆ ಯಾರೋ ಒಬ್ಬ ಗೃಹಸ್ಥ ಅಟ್ಟದಿಂದ ಇಳಿಸಿ ಕೊಟ್ಟ ಗಂಟು ಇದೆ. ಅವನು "ಇದು ನಮ್ಮ ಅಜ್ಜಂದು, ಕೊಡಾಂಗಿಲ್ಲ" ಎಂದಿದ್ದರೆ?

ಇದು ನಮ್ಮ ಸಾಹಿತ್ಯಕ್ಕೆ ಮಾತ್ರ ಸಂಬಂಧಿಸಿದ ಮಾತೆಂದು ತಿಳಿಯಬೇಡಿ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಒಬ್ಬ ಪಂಡಿತರು ಒಂದು ಓಲೆಯ ಕಟ್ಟನ್ನು ತಂದು ಒಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ! ಹೆಸರು ಮಾತ್ರ ಉಳಿದು ಗ್ರಂಥ ಕಳೆದುಹೋಯಿತೆಂದೇ ವಿದ್ವಾಂಸರು ತಿಳಿದಿದ್ದರು. 1909ರಲ್ಲಿ ಅದು ಅಚ್ಚಾಗಿ ಜಗತ್ತಿಗೆಲ್ಲ ತಿಳಿಯಿತು. ಕೊಟ್ಟ ಪಂಡಿತರು ಏನನ್ನೂ ಕಳೆದುಕೊಳ್ಳಲಿಲ್ಲ.

ಆದ್ದರಿಂದ ಅಂಥ ಗಂಟು ಸಿಕ್ಕರೆ ನೀರು ಮುಟ್ಟಿಸಬೇಡಿ, ಎಣ್ಣೆ ಸವರಬೇಡಿ, ದಾರ ಬಿಚ್ಚಿ ಓಲೆಗಳನ್ನು ಕಲೆಸಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಇಂಥಲ್ಲಿಗೆ ಮುಟ್ಟಿಸಿರಿ. ಅಜ್ಜನ ನೆನಪಿಗೆಂದು ಪೆಟ್ಟಿಗೆಯಲ್ಲಿಟ್ಟುಕೊಂಡು ವಿಮಾನ ಹತ್ತುವ ವಿಚಾರವನ್ನಂತೂ ಮಾಡಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಕಲಾಕೃತಿ ಮೊದಲಾದವು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿ, ಇವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಮನೆಯೊಳಗಿದ್ದ ಮಾತ್ರಕ್ಕೆ ಎಲ್ಲವೂ ಮನೆಯವರದಲ್ಲ ಎಂಬುದನ್ನು ಸರಕಾರವೂ ಒಪ್ಪಿದೆ ನೋಡಿ.

ಇನ್ನು ತಾಯಂದಿರ ಸಂಗತಿ. ಇದನ್ನು ತರುಣರು ಕಿವಿಗೊಟ್ಟು ಕೇಳಬೇಕು. ತಂದೆ ಲಿಂಗೈಕ್ಯರಾಗಿರುತ್ತಾರೆ, ತಾಯಿ ಒಬ್ಬಳೇ. ಮಗ ಆಸ್ಟ್ರೇಲಿಯದಿಂದ ಹತ್ತು ದಿನದ ರಜೆ ಹಾಕಿ ಬರುತ್ತಾನೆ, ತಾಯಿಯನ್ನು ಕರೆದೊಯ್ಯಲು. ಪ್ರೀತಿಯಿಂದಲೇ ಬರುತ್ತಾನೆ. ಆದರೆ ಹತ್ತು ದಿನಗಳಲ್ಲಿ ಮನೆ ಖಾಲಿಯಾಗಬೇಕು. ಗುಜರಿಯವನು ಬರುತ್ತಾನೆ, ತಕ್ಕಡಿ ತೂಗುತ್ತದೆ. ಆಕೆಯ ತವರಿನಿಂದ ಬಂದ ತಾಮ್ರದ ಕೊಡ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. "ಅವ್ವಾ, ಅಲ್ಲಿ ಎಲ್ಲಾ ಐತಿ, ಇದೆಲ್ಲಾ ಯಾಕ ಬೇಕು?" ಎನ್ನುತ್ತಾನೆ. ಅಲ್ಲಿ ಎಲ್ಲ ಇರುವುದು ನಿಜ. ಆಕೆ ಮಾತಾಡುವುದಿಲ್ಲ. ಆ ಮೌನವನ್ನು ಒಪ್ಪಿಗೆಯೆಂದು ತಿಳಿಯುವ ಮಗನಿಗೆ ಇಂಜಿನಿಯರಿಂಗ್ ಬಂದಿದೆ, ತಾಯಿಯ ಭಾಷೆ ಬಂದಿಲ್ಲ.

ನಮಗೆ ಗೊತ್ತಿರುವ ಒಬ್ಬ ತಾಯಿ ಇದನ್ನು ಬೇರೆ ರೀತಿಯಲ್ಲಿ ಮಾಡಿದರು. ವೀಸಾ ಬಂದ ದಿನವೇ ಮಗನಿಗೆ, ನೀನು ಟಿಕೆಟ್ಟು ಎರಡು ತಿಂಗಳು ಮುಂದಕ್ಕೆ ಹಾಕು, ಕೊನೆಯ ವಾರ ಬಾ, ಅಲ್ಲಿಯತನಕ ಬರಬೇಡ ಎಂದರು. ದಿನಕ್ಕೆ ಒಂದು ಕಪಾಟು, ಅದಕ್ಕಿಂತ ಹೆಚ್ಚಿಲ್ಲ. ಹಂಡೆಯನ್ನು ಯಾರಿಗೆ ಕೊಡಬೇಕೋ ಅವರನ್ನು ಮನೆಗೆ ಕರೆದು, ಕೂರಿಸಿ, ಚಹಾ ಕೊಟ್ಟು, ಆ ಹಂಡೆ ಎಲ್ಲಿಂದ ಬಂತು, ಅದರಲ್ಲಿ ಯಾರಾರ ಬಾಣಂತನದ ನೀರು ಕಾಯಿತು ಎಂದು ಹೇಳಿ, ಕುಂಕುಮ ಹಚ್ಚಿ ಕೊಟ್ಟರು. ತೆಗೆದುಕೊಂಡವರು ಹಂಡೆಯೊಂದನ್ನೇ ಒಯ್ಯಲಿಲ್ಲ. ತಮ್ಮ ಹಳೆಯ ಸೀರೆಗಳನ್ನೆಲ್ಲ ಕೂಡಿಸಿ ಕೌದಿ ಹೊಲಿಯಲು ಓಣಿಯ ಹೆಣ್ಣುಮಕ್ಕಳನ್ನು ಕರೆದರು. ತಮ್ಮ ಅವ್ವನ ಇಳಕಲ್ಲ ಸೀರೆಯ ಒಂದು ತುಂಡು, ಮದುವೆಯ ಸೀರೆಯ ತುಂಡು, ಮಗನ ತೊಟ್ಟಿಲಿಗೆ ಕಟ್ಟಿದ್ದ ಅರಿವೆ. ಒಂದು ಬೀರು ತುಂಬ ಇದ್ದದ್ದು ಒಂದು ಕೌದಿಯಾಯಿತು. ಮಗ ಬಂದಾಗ ಅವರು ಒಯ್ಯಬೇಕೆಂದು ತೆಗೆದಿಟ್ಟದ್ದು ಆ ಕೌದಿ, ಬಟ್ಟೆಬರೆ, ಮತ್ತೆ ಒಂದು ಮರದ ಕಡಗೋಲು. ಮಗ ನಕ್ಕ, ಅಲ್ಲಿ ಯಂತ್ರವಿದೆ ಎಂದ. ಇರಲಿ, ಇದೂ ಇರಲಿ ಎಂದರಂತೆ.

ಆ ಕಡಗೋಲಿನ ವಿಷಯದಲ್ಲಿ ಒಂದು ಮಾತು. ಆಸ್ಟ್ರೇಲಿಯದವರು ತಮ್ಮ ಬೆಳೆಗೆ, ದನಗಳಿಗೆ ಹೊರಗಿನ ರೋಗ ಬರಬಾರದೆಂದು ಬಹಳ ಕಟ್ಟುನಿಟ್ಟು ಮಾಡುತ್ತಾರೆ. ಬೀಜ, ಹಣ್ಣು, ಸೊಪ್ಪು, ಹಾಲಿನ ಪದಾರ್ಥ, ಮರದ ವಸ್ತು ಏನಿದ್ದರೂ ಇಳಿಯುವಾಗ ಕೊಡುವ ಕಾಗದದಲ್ಲಿ ಬರೆದು ತೋರಿಸಬೇಕು. ನಮ್ಮ ಪೇಢೆ, ಬರ್ಫಿಗಳನ್ನು ಅವರು ಒಳಗೆ ಬಿಡುವುದಿಲ್ಲ. ಬಚ್ಚಿಟ್ಟರೆ ದಂಡ, ಹೇಳಿದರೆ ದಂಡವಿಲ್ಲ. ಆ ತಾಯಿ ಬರೆದು ತೋರಿಸಿದರು. ಅಧಿಕಾರಿ ಕಡಗೋಲನ್ನು ಹಿಂದೆ ಮುಂದೆ ತಿರುಗಿಸಿ, ತೊಗಟೆಯಿಲ್ಲ, ಹುಳುಕಿಲ್ಲ ಎಂದು ನೋಡಿ, ಮರಳಿ ಕೈಗೆ ಕೊಟ್ಟನಂತೆ.

ಹಾಗೆಯೇ ಅರಬ್ ಸಂಯುಕ್ತ ಸಂಸ್ಥಾನಕ್ಕೆ, ಅಂದರೆ ದುಬೈ ಕಡೆಗೆ ಹೋಗುವವರು ಗಸಗಸೆಯನ್ನು ಒಂದು ಚಮಚವೂ ಒಯ್ಯಬಾರದು. ನಮಗೆ ಅದು ಪಾಯಸದ ಪದಾರ್ಥ, ಅಲ್ಲಿಯ ಕಾನೂನಿಗೆ ಅಫೀಮಿನ ಗಿಡದ ಬೀಜ, ಜೈಲಿನವರೆಗೆ ಹೋಗುತ್ತದೆ. ಅಮೆರಿಕದ ಮನೆಗಳಲ್ಲಿ ವಿದ್ಯುತ್ತು 120 ವೋಲ್ಟು, ನಮ್ಮಲ್ಲಿ 230. ಇಲ್ಲಿಯ ಮಿಕ್ಸರು ಅಲ್ಲಿ ಸರಿಯಾಗಿ ತಿರುಗುವುದಿಲ್ಲ, ಸುಮ್ಮನೆ ಹೊತ್ತೊಯ್ಯಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ, ಬೇಡ ಎನ್ನುವುದಿಲ್ಲ. ಆದರೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಕ್ಕಡಿಯ ಮುಂದೆ ಪೆಟ್ಟಿಗೆ ಬಿಚ್ಚಿ ಕುಳಿತ ಕುಟುಂಬಗಳನ್ನು ನಾವು ನೋಡಿದ್ದೇವೆ. ಎರಡು ಕಿಲೋ ಹೆಚ್ಚಾಗಿದೆ, ಏನು ತೆಗೆಯುವುದು? ಗಂಡ ಅತ್ತೆ ಕೊಟ್ಟ ಉಪ್ಪಿನಕಾಯಿ ತೆಗೆಯುತ್ತಾನೆ, ಹೆಂಡತಿ ಗಂಡನ ಪುಸ್ತಕ ತೆಗೆಯುತ್ತಾಳೆ. ಆ ಹೊತ್ತಿನಲ್ಲಿ ಆಡಿದ ಮಾತುಗಳು ಸಮುದ್ರ ದಾಟಿದರೂ ಮರೆಯುವುದಿಲ್ಲ. ಅಷ್ಟೂ ನಿರ್ಣಯವನ್ನು ಮನೆಯಲ್ಲಿ, ಬೆಳಕಿನಲ್ಲಿ, ಸಮಾಧಾನದಲ್ಲಿ ಮಾಡಿ ಹೋಗಿರಿ.

ಕಾಗದಪತ್ರಗಳ ವಿಷಯ ನಮಗಿಂತ ವಕೀಲರಿಗೆ ಚೆನ್ನಾಗಿ ಗೊತ್ತು. ಮಕ್ಕಳ ಜನನಪತ್ರ, ಮದುವೆಯ ನೋಂದಣಿ, ಪದವಿಪತ್ರ ಇವುಗಳ ಮೂಲಪ್ರತಿ ಕೈಚೀಲದಲ್ಲಿರಲಿ. ಅಡುಗೆ ಅನಿಲದ ಸಿಲಿಂಡರು ಒಪ್ಪಿಸಿರಿ, ಬ್ಯಾಂಕಿಗೆ ಹೋಗಿ ಖಾತೆಯನ್ನು ಅನಿವಾಸಿ ಖಾತೆಗೆ ಬದಲಾಯಿಸಿಕೊಳ್ಳಿರಿ. ಹೊಲದ ಬಗ್ಗೆ ಮಾತ್ರ ಎಚ್ಚರ ಹೇಳುತ್ತೇವೆ. ಹೊರನಾಡಿನಲ್ಲಿ ನೆಲೆಸಿದವರು ಹಿರಿಯರಿಂದ ಬಂದ ಹೊಲವನ್ನು ಉಳಿಸಿಕೊಳ್ಳಬಹುದು, ಆದರೆ ಕೃಷಿಭೂಮಿಯನ್ನು ಹೊಸದಾಗಿ ಕೊಳ್ಳಲು ಕಾನೂನು ಬಿಡುವುದಿಲ್ಲ. ಈಗ ಮಾರೋಣ, ಮುಂದೆ ಡಾಲರು ತಂದು ಇದರ ಎರಡರಷ್ಟು ಕೊಳ್ಳೋಣ ಎಂದು ಅವಸರ ಮಾಡಿದವರು ಆಮೇಲೆ ಬದುವಿನ ಮೇಲೆ ನಿಂತು ನೋಡಬೇಕಾಗುತ್ತದೆ. ಅಮರಸಿಂಹ ಬೇರು ಎಂದದ್ದು ಯಾವುದಕ್ಕೆ ಎಂಬುದು ಆಗ ತಿಳಿಯುತ್ತದೆ.

ಉಸಿರಾಡುವ ಪರಿಗ್ರಹವೂ ಇದೆ. ಪರಿವಾರದ ಜನ ಎಂಬ ಅರ್ಥ ಅದಕ್ಕೇ. ಹಟ್ಟಿಯಲ್ಲಿ ಆಕಳಿದೆ. ಬಾಗಿಲಲ್ಲಿ ನಾಯಿಯಿದೆ, ನೀವು ಹೋದ ಮೇಲೂ ಸಂಜೆ ಬಂದು ಅದೇ ಮೆಟ್ಟಿಲ ಮೇಲೆ ಕೂರುತ್ತದೆ. ಇಪ್ಪತ್ತು ವರ್ಷ ಪಾತ್ರೆ ತಿಕ್ಕಿದ ಹೆಣ್ಣುಮಗಳಿದ್ದಾಳೆ. ಮಂಚ-ಕುರ್ಚಿಗಳಿಗೆ ಮನೆ ಹುಡುಕಿದವರು ಈಕೆಗೆ ಇನ್ನೊಂದು ಕೆಲಸದ ಮನೆ ಹುಡುಕಿಕೊಟ್ಟಿರೇ? ಹಳೆಯ ಸೀರೆ ಎರಡು ಕೊಟ್ಟರೆ ಲೆಕ್ಕ ಮುಗಿಯಿತು ಎಂದು ತಿಳಿಯಬೇಡಿ. ಹೊರಡುವುದಕ್ಕೆ ಮೂರು ತಿಂಗಳು ಮೊದಲೇ ಆಕೆಗೆ ತಿಳಿಸಿರಿ. ಕೊನೆಯ ವಾರ ತಿಳಿದರೆ ನಿಮ್ಮ ಮನೆ ಖಾಲಿಯಾದ ದಿನವೇ ಅವಳ ಒಲೆಯೂ ಖಾಲಿಯಾಗುತ್ತದೆ.

ಕೊನೆಯಲ್ಲಿ ಒಬ್ಬ ತಾಯಿ ಚೀಟಿ ಬರೆದು ಕಳಿಸಿದ್ದಾರೆ. ಮನೆಯಲ್ಲಿ ಬೀಟೆಯ ಮರದ ತೊಟ್ಟಿಲಿದೆಯಂತೆ, ಮೂರು ತಲೆಮಾರು ಅದರಲ್ಲಿ ಮಲಗಿದೆಯಂತೆ. ಮಗಳು ಅಮೆರಿಕದಲ್ಲಿದ್ದಾಳೆ, ಇನ್ನೂ ಮಕ್ಕಳಾಗಿಲ್ಲ. ತೊಟ್ಟಿಲನ್ನು ಅವಳಿಗಾಗಿ ಕಾದಿಡಬೇಕೋ, ಕೊಡಬೇಕೋ ಎಂದು ಕೇಳಿದ್ದಾರೆ. ತಾಯೀ, ಓಣಿಯಲ್ಲಿ ಈ ತಿಂಗಳು ಯಾರ ಮನೆಯಲ್ಲಿ ಹೆರಿಗೆಯಿದೆ ನೋಡಿ, ಅಲ್ಲಿಗೆ ಕಳಿಸಿರಿ. ಆ ಮಗು ನಡೆಯಲು ಕಲಿತ ಮೇಲೆ ಅವರು ಮುಂದಿನ ಮನೆಗೆ ಕಳಿಸಲಿ ಎಂದಷ್ಟು ಹೇಳಿರಿ, ಮರಳಿ ತರಬೇಕೆಂದು ಹೇಳಬೇಡಿ. ಮಗಳ ಮಗುವಿಗೆ ಆ ಕೌದಿಯ ತಾಯಿ ಮಾಡಿದಂತೆ ಒಂದು ಕೌದಿ ಹೊಲಿಯಿರಿ. ಅದು 23 ಕಿಲೋದಲ್ಲಿ ಹಿಡಿಸುತ್ತದೆ.

ಪ್ರಸಾದಕ್ಕೆ ಹೊತ್ತಾಯಿತು. ಯಾರೂ ಹಾಗೆಯೇ ಎದ್ದು ಹೋಗಬಾರದು.